ಬಂಟ್ವಾಳ ಸ್ಟೇಷನ್ನಿನಿಂದ ಹೊರಟ ಮಣ್ಣುದಾರಿ

ಕಳೆದ ತಿಂಗಳು ನಮ್ಮ ಪಕ್ಕದ ಜಾಗದಲ್ಲಿ ಮನೆ ಕಟ್ಟಲು ಶುರು ಮಾಡಿದರು. ಒಂದು ಬೆಳಿಗ್ಗೆ ಲಾರಿ ಹಿಮ್ಮುಖವಾಗಿ ಬಂದು ಕೆಂಪುಕಲ್ಲು ಇಳಿಸಿತು. ಆಗತಾನೇ ಕೊಯ್ದ ಕಲ್ಲು, ಒಳಗಿನ ತೇವ ಇನ್ನೂ ಆರಿರಲಿಲ್ಲ. ಹಸಿಮಣ್ಣಿಗೆ ಕಬ್ಬಿಣದ ತುಕ್ಕು ಬೆರೆತಂಥ ಅದರ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಮಂಗಳೂರಿನಲ್ಲಿ ಹುಟ್ಟಿದವರಿಗೆ ಇದೇನೂ ಹೊಸತಲ್ಲ. ನಮ್ಮ ಮನೆಗಳೆಲ್ಲ ಎದ್ದಿರುವುದು ಈ ಕಲ್ಲಿನಿಂದಲೇ. ಆದರೂ ನಾನು ಒಲೆ ಆರಿಸಿ, ಕಿಟಕಿ ಮುಚ್ಚಿದೆ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲ ಮುಗಿದಲ್ಲಿಂದ ಇನ್ನೊಂದು ಹಿಡಿಯುವವರೆಗೆ ನಡೆದದ್ದೆಲ್ಲ ಈ ವಾಸನೆಯ ಜೊತೆಗೇ ನನ್ನಲ್ಲಿ ಉಳಿದುಕೊಂಡಿದೆ.

ಆ ವರ್ಷ ನಾನೂ ಜಯಣ್ಣನೂ ಭಾನುವಾರ ಬಂತೆಂದರೆ ಸೈಕಲ್ ಹೊತ್ತುಕೊಂಡು ರೈಲು ಹತ್ತುತ್ತಿದ್ದೆವು. ಜಯಣ್ಣ ನಮ್ಮ ಅಡ್ಡರಸ್ತೆಯವರು. ಐವತ್ತು ದಾಟಿದವರು, ಒಬ್ಬ ಎಂಜಿನಿಯರರ ಕಚೇರಿಯಲ್ಲಿ ಜಾಗದ ನಕ್ಷೆ ಬರೆಯುವ ಕೆಲಸ. ನಾನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದವಳು. ವಾರವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಬೇರೆಯವರ ಮೂಳೆ ನೋಡುತ್ತ ಕಳೆದವಳಿಗೆ ರಜೆಯ ದಿನ ಬಯಲು ಬೇಕೆನಿಸುತ್ತಿತ್ತು. ನಗರದಿಂದ ಹೊರಗೆ ಹೋಗುವ ಯಾವ ರಸ್ತೆಯೂ ಸೈಕಲಿನವರಿಗಾಗಿ ಇರಲಿಲ್ಲ. "ಹೈವೇಯಲ್ಲಿ ಸೈಕಲ್ ಬಿಡುವುದೂ ಒಂದೇ, ಲಾರಿಯವನ ಕೈಗೆ ಕುತ್ತಿಗೆ ಕೊಡುವುದೂ ಒಂದೇ" ಎನ್ನುತ್ತಿದ್ದರು ಜಯಣ್ಣ. ಅದಕ್ಕೆ ಅವರು ಕಂಡುಕೊಂಡ ಉಪಾಯ ರೈಲು. ಮಂಗಳೂರಿನ ಗದ್ದಲವನ್ನು ರೈಲಿನಲ್ಲಿ ದಾಟಿ ಬಂಟ್ವಾಳದಲ್ಲಿ ಇಳಿಯುವುದು; ಅಲ್ಲಿಂದ ಡಾಮರು ಆದಷ್ಟು ತಪ್ಪಿಸಿ, ಮಣ್ಣುದಾರಿಗಳಲ್ಲೇ ವಾಮದಪದವು, ವೇಣೂರು, ಮೂಡುಬಿದಿರೆ ಎಂದು ಸಾಗುವುದು; ಕೊನೆಗೆ ಮೂಲ್ಕಿಯಲ್ಲಿ ಮತ್ತೆ ರೈಲು ಹತ್ತುವುದು. ನಡುವೆ ವೇಣೂರಿನಲ್ಲಿ ಒಂದು ರಾತ್ರಿ. ಹಾಸಿಗೆ, ಬಟ್ಟೆ, ನೀರು ಎಲ್ಲ ಸೈಕಲಿಗೇ ಕಟ್ಟಿಕೊಂಡಿರಬೇಕು. ಈ ಇಡೀ ದಾರಿಯನ್ನು ಹುಡುಕಿ, ಮೊಬೈಲಿನಲ್ಲಿ ಒಂದು ಗೆರೆಯಾಗಿ ಎಳೆದು, ಯಾರಿಗೆ ಬೇಕಾದರೂ ಸಿಗುವ ಹಾಗೆ ಹಾಕಬೇಕು ಎಂಬುದು ಅವರ ಆಸೆ.

ಪುತ್ತೂರಿನ ಕಡೆಗೆ ಹೋಗುವ ಬೆಳಗಿನ ಲೋಕಲ್ ರೈಲಿನಲ್ಲಿ ಸೈಕಲ್ ಸಾಗಿಸುವುದೇ ಒಂದು ಕಸರತ್ತು. ಜಯಣ್ಣ ಎರಡೂ ಚಕ್ರ ಬಿಚ್ಚಿ, ಚೌಕಟ್ಟಿಗೆ ಕಟ್ಟಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕೊನೆಯ ಡಬ್ಬಿಯ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. "ಇದೆಂತ ಮಾರಾಯ್ರೇ, ಹೆಣವಾ?" ಎಂದು ಒಬ್ಬರು ಕೇಳಿದ್ದೂ ಉಂಟು. ಫರಂಗಿಪೇಟೆ ಬರುವ ಹೊತ್ತಿಗೆ ಕಿಟಕಿಯ ಆಚೆ ಹೊಳೆ ಕಾಣುತ್ತಿತ್ತು. ಬಂಟ್ವಾಳ ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಕುಳಿತು ಚಕ್ರ ಜೋಡಿಸಿ, ಬಿ.ಸಿ. ರೋಡಿನಲ್ಲಿ ಬನ್ಸ್ ತಿಂದು ಹೊರಡುತ್ತಿದ್ದೆವು.

ದಾರಿ ಹುಡುಕುವ ಕೆಲಸ ನಾನು ತಿಳಿದದ್ದಕ್ಕಿಂತ ನಿಧಾನದ್ದು. ಮೊಬೈಲಿನಲ್ಲಿ ಕಾಣುವ ದಾರಿ ಹೋಗಿ ನೋಡಿದರೆ ಯಾರದ್ದೋ ರಬ್ಬರ್ ತೋಟದ ಗೇಟಿಗೆ ಬಂದು ನಿಲ್ಲುತ್ತಿತ್ತು. ಇನ್ನೊಂದು ಕಡೆ ಹಳ್ಳಕ್ಕೆ ಇಳಿದು ಆಚೆ ಏಳುತ್ತಲೇ ಇರಲಿಲ್ಲ. ದಾರಿ ಎಲ್ಲಿ ಕವಲೊಡೆದರೂ ಜಯಣ್ಣ ಇಳಿದು, ಹತ್ತಿರದ ಮನೆಯವರನ್ನು ಕರೆದು ಕೇಳುವರು. "ಈ ದಾರಿಯಲ್ಲಿ ಹೋದ್ರೆ ಯಾರದ್ದಾದರೂ ಅಡ್ಡಿ ಉಂಟಾ? ಮಳೆಗಾಲದಲ್ಲಿ ಎಂತ ಆಗ್ತದೆ? ನಾಯಿ ಬಿಡ್ತಾರಾ?" ಒಮ್ಮೆ ಅಂಗಳದಲ್ಲಿ ಭತ್ತ ಒಣಗಿಸುತ್ತಿದ್ದ ಹೆಂಗಸು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಷ್ಟು ಒಳ್ಳೆಯ ಡಾಮರು ರೋಡು ಇರುವಾಗ ನಿಮಗೆ ಇಲ್ಲಿ ಎಂತಕ್ಕೆ ಹೋಗ್ಬೇಕು?" ಎಂದಳು. ನಕ್ಕು, ನೀರು ಕುಡಿದು ಮುಂದೆ ಹೋದೆವು.

ವಾಮದಪದವಿನಿಂದ ವೇಣೂರಿನ ಕಡೆಗೆ ಹೋಗುವಲ್ಲಿ ಒಂದು ಪದವು ಸಿಗುತ್ತದೆ. ಪದವು ಎಂದರೆ ಕೆಂಪುಕಲ್ಲಿನ ಬಯಲು. ಮರವಿಲ್ಲ, ಕೃಷಿಯಿಲ್ಲ, ಬಂಡೆಯ ಮೇಲೆ ಬೆರಳು ಆಳದ ಮಣ್ಣು, ಅದರ ಮೇಲೆ ಹುಲ್ಲು. ನಾವು ಮೊದಲ ಸಲ ಹೋದಾಗ ಮಳೆ ಬಿಟ್ಟು ಸ್ವಲ್ಪವೇ ದಿನವಾಗಿತ್ತು. ಬಂಡೆಯ ತಗ್ಗುಗಳಲ್ಲಿ ನೀರು ನಿಂತು, ಸುತ್ತ ಸಾಸಿವೆಯಷ್ಟು ಸಣ್ಣ ನೀಲಿ ಹೂಗಳು ಹಾಸಿಕೊಂಡಿದ್ದವು. ಮೂಡಣಕ್ಕೆ ಘಟ್ಟದ ಸಾಲು, ಅದರ ಎದುರಿಗೆ ಒಂಟಿಯಾಗಿ ಎದ್ದ ಗಡಾಯಿಕಲ್ಲು. ಪಡುವಣ ಬಡಗಿನಲ್ಲಿ ಮೂಡುಬಿದಿರೆಯ ಆಚೆಯ ಕೊಣಾಜೆಕಲ್ಲು ಎಂಬ ಬಂಡೆಗುಡ್ಡ ಮಸುಕಾಗಿ ಕಾಣುತ್ತಿತ್ತು. ದನ ಮೇಯಿಸುವವರು ತುಳಿದು ಮಾಡಿದ ದಾರಿ ನಡುವೆ ನೆಟ್ಟಗೆ ಹೋಗಿತ್ತು. ಜಯಣ್ಣ ಸೈಕಲನ್ನು ಮಲಗಿಸಿ ಆ ದಾರಿಯಲ್ಲಿ ಕೊನೆಯವರೆಗೂ ನಡೆದು ಹೋಗಿ, ನಡೆದೇ ವಾಪಸು ಬಂದರು. "ರೇವತಿ, ಇಡೀ ದಾರಿಯಲ್ಲಿ ಇದರಷ್ಟು ಚಂದದ್ದು ಬೇರೆ ಇಲ್ಲ" ಎಂದರು. ಆ ದಿನ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ದೀಪಾವಳಿಗೆ ಮೊದಲು ಗೆರೆ ಪೂರ್ತಿಯಾಯಿತು. ಜಯಣ್ಣ ಅದಕ್ಕೆ ನೀರು ಎಲ್ಲಿ ಸಿಗುತ್ತದೆ, ಎಲ್ಲಿ ಇಳಿದು ತಳ್ಳಬೇಕು ಎಂದೆಲ್ಲ ಬರೆದು, ಕೊನೆಯಲ್ಲಿ ತಮ್ಮ ಹೆಸರು ಹಾಕಿ, ಹಂಚಿದರು. ಒಂದೊಂದಾಗಿ ಸಂದೇಶಗಳು ಬರತೊಡಗಿದವು. ಯಾರೋ ಉಡುಪಿಯವರು, ಯಾರೋ ಮೈಸೂರಿನವರು. ಬಂದು ಹೋದವರು ಫೋಟೋ ಕಳಿಸುತ್ತಿದ್ದರು. ಜಯಣ್ಣ ಆ ಫೋಟೋಗಳನ್ನು ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬಂದು ತೋರಿಸುವರು.

ಹಾಗೆ ಸಂದೇಶ ಕಳಿಸಿದವರಲ್ಲಿ ಪ್ರಮೋದನೂ ಒಬ್ಬ. "ನಮ್ಮ ಮನೆ ನಿಮ್ಮ ಗೆರೆಯ ಹತ್ತಿರವೇ ಉಂಟು ಸರ್, ಮೂಡುಬಿದಿರೆಗಿಂತ ಸ್ವಲ್ಪ ಮೊದಲು. ಹುಟ್ಟಿದಲ್ಲಿಂದ ಅಲ್ಲೇ ಇದ್ದೇನೆ, ಈ ದಾರಿ ನಾನು ನೋಡಲೇ ಇಲ್ಲ" ಎಂದು ಬರೆದಿದ್ದ. ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತ ಬಾಡಿಗೆ ಕೋಣೆಯಲ್ಲಿದ್ದವನು. ಮುಂದಿನ ಶನಿವಾರ ನಮ್ಮ ಜೊತೆಗೆ ಬರುತ್ತೇನೆಂದ, ಬಂದ. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಉದ್ದ ಕೈಕಾಲು, ಯಾರದ್ದೋ ಹಳೆಯ ಸೈಕಲ್. ಹಿಂದಿನ ಚೀಲದಲ್ಲಿ ಅಮ್ಮನಿಗೆಂದು ಬಂದರಿನಿಂದ ಒಣಮೀನು ಕಟ್ಟಿಸಿಕೊಂಡು ಬಂದಿದ್ದ. ಡಬ್ಬಿಯಿಡೀ ಅದರದ್ದೇ ವಾಸನೆ. ಎದುರು ಕುಳಿತವರು ಮೂಗು ಮುಚ್ಚಿಕೊಂಡರೆ, "ಸ್ವಲ್ಪ ತಡೆದುಕೊಳ್ಳಿ ಅಣ್ಣ, ಬಂಟ್ವಾಳದಲ್ಲಿ ನಾನೂ ಇಳಿತೇನೆ, ಮೀನೂ ಇಳಿತದೆ" ಎಂದು ನಗಿಸಿದ.

ಪದವಿನ ಮೇಲೆ ಬಂದಾಗ ಅವನು ಹ್ಯಾಂಡಲಿನಿಂದ ಎರಡೂ ಕೈ ಬಿಟ್ಟು, ಏರುದನಿಯಲ್ಲಿ ಏನನ್ನೋ ಕೂಗುತ್ತ ಹೋದ. ಜಯಣ್ಣ ಹಿಂದಿನಿಂದ, "ಮಾರಾಯ, ಕೈ ಹಿಡಿ, ಕೈ ಹಿಡಿ" ಎಂದು ಕೂಗುತ್ತಿದ್ದರು. ಆ ರಾತ್ರಿ ವೇಣೂರಿನಲ್ಲಿ ತಂಗಿ, ಮರುದಿನ ಅವನ ಮನೆಯ ಕವಲಿನಲ್ಲಿ ನಾವು ಬೀಳ್ಕೊಂಡೆವು. "ಒಳಗೆ ಬನ್ನಿ ಅಕ್ಕ, ಅಮ್ಮ ಚಾ ಮಾಡ್ತಾರೆ" ಎಂದ. ನಮಗೆ ಮೂಲ್ಕಿಯಲ್ಲಿ ರೈಲು ಹಿಡಿಯಬೇಕಿತ್ತು. ಇನ್ನೊಮ್ಮೆ ಬರುತ್ತೇವೆ ಎಂದು ಹೊರಟೆವು.

ಜನವರಿಯ ಒಂದು ಶನಿವಾರ ಪ್ರಮೋದ ಒಬ್ಬನೇ ಆ ದಾರಿ ಹಿಡಿದ. ಕೆಲಸಕ್ಕೆ ರಜೆ ಸಿಕ್ಕಿತ್ತು, ಬರುತ್ತೇನೆಂದು ಮನೆಗೆ ಹೇಳಿರಲಿಲ್ಲ. ಬೆಳಗಿನ ರೈಲಿನಲ್ಲಿ ಬಂಟ್ವಾಳಕ್ಕೆ ಬಂದು, ವಾಮದಪದವಿನ ಅಂಗಡಿಯೊಂದರಲ್ಲಿ ಚಾ ಕುಡಿದು, ಪದವು ಹತ್ತಿದ್ದ. ಆ ತಿಂಗಳು ಅಲ್ಲಿ ಬೆಳಿಗ್ಗೆ ಮಂಜು ಕವಿದರೆ ಎದುರಿನವರ ಮುಖ ಕಾಣುವುದಿಲ್ಲ. ನಾವು ಹೋಗಿ ಬಂದ ಮೇಲೆ, ಆ ಸ್ವಲ್ಪ ಸಮಯದಲ್ಲೇ, ಪದವಿನ ನಡುವೆ ಕಲ್ಲು ಕೊಯ್ಯಲು ಶುರು ಮಾಡಿದ್ದರು. ಯಂತ್ರದಿಂದ ಚೌಕ ಚೌಕವಾಗಿ ಕೊಯ್ದ ಕೋರೆ. ಅಂಚಿನಿಂದ ಗೋಡೆಯ ಹಾಗೆ ನೇರ ಕೆಳಗೆ ಇಳಿಯುತ್ತದೆ. ದನದ ದಾರಿ ಅದರ ಅಂಚಿಗೆ ಬಂದು ತುಂಡಾಗಿ, ಆಚೆ ದಡದಲ್ಲಿ ಮತ್ತೆ ಶುರುವಾಗುತ್ತಿತ್ತು. ಬೇಲಿ ಇರಲಿಲ್ಲ, ಅಡ್ಡಗಟ್ಟಿದ ಒಂದು ಕೋಲೂ ಇರಲಿಲ್ಲ. ಲಾರಿಗಳು ಓಡಾಡಿ ಈಚೆಗಿನ ದಾರಿಯನ್ನು ಅಗಲ ಮಾಡಿದ್ದರಿಂದ ಅದು ಮೊದಲಿಗಿಂತ ಒಳ್ಳೆಯ ದಾರಿಯಂತೆ ಕಾಣುತ್ತಿತ್ತು.

ರಬ್ಬರ್ ಹಾಲು ತೆಗೆದು ವಾಪಸಾಗುತ್ತಿದ್ದವರು ಅವನನ್ನು ಕಂಡರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮರುದಿನ ಜಯಣ್ಣನಿಗೆ ಠಾಣೆಯಿಂದ ಕರೆ ಬಂತು. ಒಬ್ಬರೇ ಹೋಗುವ ಸ್ಥಿತಿಯಲ್ಲಿ ಅವರಿರಲಿಲ್ಲ, ನಾನೂ ಜೊತೆಗೆ ಹೋದೆ. ಮೇಜಿನ ಮೇಲೆ ಪ್ರಮೋದನ ಮೊಬೈಲ್ ಇತ್ತು. ಗಾಜು ಒಡೆದಿದ್ದರೂ ಅದು ಬೆಳಗುತ್ತಿತ್ತು. ಪೊಲೀಸರು ಅದನ್ನು ತಿರುಗಿಸಿ ಜಯಣ್ಣನ ಎದುರು ಇಟ್ಟರು.

"ಈ ಗೆರೆ ಎಳೆದದ್ದು ನೀವಾ?"

"ಹೌದು."

"ಇದರಲ್ಲಿ ಗುಂಡಿ ಕಾಣುವುದಿಲ್ಲವಲ್ಲ."

"ನಾನು ಎಳೆಯುವಾಗ ಗುಂಡಿ ಇರ್ಲಿಲ್ಲ."

ಅವರು ಬರೆದುಕೊಂಡರು. ಒರಟು ಮನುಷ್ಯರಲ್ಲ. "ನಿಮ್ಮ ಮೇಲೆ ಕೇಸು ಎಂತದ್ದೂ ಇಲ್ಲ. ಹೇಳಿಕೆ ಬೇಕಿತ್ತು, ಅಷ್ಟೆ. ಹೋಗಿ" ಎಂದರು. ಹೊರಗೆ ಬಂದು ಜಯಣ್ಣ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಕೇಸಾದರೂ ಹಾಕಿದ್ರೆ ಒಳ್ಳೆಯದಿತ್ತು" ಎಂದರು.

ಅಲ್ಲಿಂದ ರಿಕ್ಷಾ ಮಾಡಿಕೊಂಡು ಪದವಿಗೆ ಹೋದೆವು. ಮಧ್ಯಾಹ್ನದ ಬಿಸಿಲು, ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಕೋರೆಯ ಹತ್ತಿರ ಬರುತ್ತಿದ್ದಂತೆ ಆ ವಾಸನೆ, ಹಸಿ ಕಲ್ಲಿನದ್ದು, ಮುಖಕ್ಕೆ ಬಡಿಯಿತು. ಭಾನುವಾರವಾದ್ದರಿಂದ ಯಂತ್ರ ನಿಂತಿತ್ತು. ನೋಡಿಕೊಳ್ಳುವವನೊಬ್ಬ ಶೆಡ್ಡಿನಿಂದ ಎದ್ದು ಬಂದ. ಹೆದರಿದ್ದ ಎಂದು ಕಾಣುತ್ತದೆ, ನಾವು ಕೇಳುವ ಮೊದಲೇ ಜಗಳಕ್ಕೆ ನಿಂತ. "ಇದು ಪಟ್ಟಾ ಜಾಗ. ದಾರಿ ಉಂಟೂಂತ ಯಾರು ಹೇಳಿದ್ದು? ಯಾವ ದಾಖಲೆಯಲ್ಲಿ ಉಂಟು? ದನ ಹೋದಲ್ಲೆಲ್ಲ ದಾರಿಯಾ?"

ಜೀವಮಾನವಿಡೀ ಜಾಗದ ನಕ್ಷೆ ಬರೆದ ಜಯಣ್ಣನಿಗೆ ಅವನು ಹೇಳಿದ್ದು ಸರಿಯೆಂದು ಗೊತ್ತಿತ್ತು. ಅಂಚಿನವರೆಗೆ ಹೋಗಿ ಕೆಳಗೆ ನೋಡಿದರು. "ನಾನು ಬಂದು ನೋಡ್ಬೇಕಿತ್ತು" ಎಂದರು.

"ವಾರ ವಾರ ಬಂದು ನೋಡ್ಲಿಕ್ಕೆ ಆಗ್ತದಾ ಜಯಣ್ಣ?"

"ಆಗ್ತದೆ ಅಂತಾದ್ರೆ ಮಾತ್ರ ಎಳೀಬೇಕಿತ್ತು."

ಆ ರಾತ್ರಿಯೇ ಅವರು ಗೆರೆಯನ್ನು ಅಳಿಸಿಹಾಕಿದರು. ಸೈಕಲಿನ ಚಕ್ರ ಬಿಚ್ಚಿ ಅಟ್ಟಕ್ಕೆ ಏರಿಸಿದರು. ನಾನು ಮಾಮೂಲಿನಂತೆ ಕೆಲಸಕ್ಕೆ ಹೋದೆ. ಬೈಕಿನಿಂದ ಬಿದ್ದವರು, ಮರದಿಂದ ಬಿದ್ದವರು ದಿನಾ ಬರುತ್ತಿದ್ದರು. ಮೊದಲು ಚಿತ್ರ ನೋಡಿ ಬದಿಗಿಡುತ್ತಿದ್ದವಳು ಈಗ ಹೊರಗೆ ಬೆಂಚಿನಲ್ಲಿ ಕಾಯುವವರ ಮುಖ ನೋಡಲು ಕಲಿತೆ.

ಉತ್ತರಕ್ರಿಯೆ ಮುಗಿದ ಮೇಲೆ ಜಯಣ್ಣ, "ಆ ಮನೆಗೆ ಒಮ್ಮೆ ಹೋಗುವ" ಎಂದರು. ನನಗೆ ಧೈರ್ಯವಿರಲಿಲ್ಲ, ಆದರೆ ಬೇಡವೆನ್ನಲೂ ಆಗಲಿಲ್ಲ. ಬಸ್ಸಿನಲ್ಲಿ ಹೋದೆವು. ಪ್ರಮೋದನ ಅಮ್ಮ ಲೀಲಕ್ಕ ಟೈಲರಿಂಗ್ ಮಾಡುವವರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗಳಿಗೆ ಸುರತ್ಕಲ್ಲಿನ ಕಡೆಗೆ ಮದುವೆಯಾಗಿತ್ತು. ಜಗಲಿಯಲ್ಲಿ ಹೊಲಿಗೆಯಂತ್ರ, ಅದರ ಬದಿಯಲ್ಲಿ ಯಾವುದೋ ಶಾಲೆಯ ನೀಲಿ ಯೂನಿಫಾರ್ಮಿನ ರಾಶಿ. ನಾವು ಯಾರೆಂದು ಜಯಣ್ಣನೇ ಹೇಳಿದರು. ಹೇಳಿ, ನಿಂತೇ ಇದ್ದರು.

ಲೀಲಕ್ಕ ನಮ್ಮನ್ನು ನೋಡಿದರು. ಅಳಲಿಲ್ಲ, ಬೈಯಲಿಲ್ಲ. "ಕೂತ್ಕೊಳ್ಳಿ" ಎಂದರು. ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈಯಲ್ಲಿ ಚಾ ಇತ್ತು. ಜಯಣ್ಣ ಲೋಟವನ್ನು ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ಕುಡೀರಿ" ಎಂದರು ಲೀಲಕ್ಕ. "ಆ ದಿನ ನೀವು ಕವಲಿನವರೆಗೆ ಬಂದು ಹೋದ್ರಿ ಅಂತ ಅವನು ಬೇಜಾರು ಮಾಡಿದ್ದ. ಚಾ ಕುಡಿದು ಹೋಗ್ಬಹುದಿತ್ತು ಅಂತ."

ಜಯಣ್ಣ ಲೋಟವನ್ನು ಕೆಳಗಿಟ್ಟರು. "ಅಕ್ಕ, ಆ ದಾರಿ ನಾನು ಮಾಡದೇ ಇದ್ದಿದ್ರೆ..."

"ಅದು ನನಗೆ ಗೊತ್ತುಂಟು. ದಿನಾ ಅದನ್ನೇ ಯೋಚನೆ ಮಾಡ್ತೇನೆ. ನೀವು ದಾರಿ ಮಾಡದಿದ್ರೆ ಅವನು ಬಸ್ಸಿನಲ್ಲಿ ಬರ್ತಿದ್ದ. ಅವರು ಗುಂಡಿ ತೋಡದಿದ್ರೆ ನಿಮ್ಮ ದಾರಿಯಲ್ಲಿ ಬಂದು ಮುಟ್ತಿದ್ದ. ನನಗೆ ಒಂದು ಫೋನ್ ಮಾಡಿದ್ರೆ ಮಂಜು ಇಳಿಯುವವರೆಗೆ ಅಲ್ಲೇ ಕೂತ್ಕೋ ಅಂತ ನಾನಾದ್ರೂ ಹೇಳ್ತಿದ್ದೆ." ಅವರು ಯೂನಿಫಾರ್ಮಿನ ರಾಶಿಯಿಂದ ಒಂದನ್ನು ಎತ್ತಿ, ಮಡಚಿ, ಮತ್ತೆ ಇಟ್ಟರು. "ನಿಮ್ಮನ್ನು ನೋಡಿದ್ರೆ ಸಿಟ್ಟು ಬರ್ತದೆ. ಸುಳ್ಳು ಹೇಳುವುದಿಲ್ಲ. ನೀವು ಬಾರದೇ ಇದ್ದಿದ್ರೆ ಇನ್ನೂ ಹೆಚ್ಚು ಬರ್ತಿತ್ತು."

ಹೊರಡುವಾಗ ಗೇಟಿನವರೆಗೆ ಬಂದು ನನ್ನನ್ನು ಮಾತ್ರ ತಡೆದು ಕೇಳಿದರು. "ಅವನು ಆ ದಾರಿಯಲ್ಲಿ ಒಮ್ಮೆ ನಿಮ್ಮ ಜೊತೆ ಪೂರ್ತಿ ಬಂದಿದ್ದನಲ್ಲ. ಖುಷಿಯಲ್ಲಿದ್ದನಾ?"

ಕೈ ಬಿಟ್ಟು ಕೂಗುತ್ತ ಹೋದದ್ದನ್ನು ಹೇಳಿದೆ. ಲೀಲಕ್ಕ ತಲೆಯಾಡಿಸಿ ಒಳಗೆ ಹೋದರು. ಬಸ್ಸಿನಲ್ಲಿ ಜಯಣ್ಣ ಕಿಟಕಿಯ ಕಡೆಗೆ ತಿರುಗಿ ಕುಳಿತವರು ಮಂಗಳೂರು ಬರುವವರೆಗೆ ಈಚೆ ತಿರುಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಎಲ್ಲವೂ ಅಲ್ಲಿಗೇ ನಿಂತಿತು ಎಂದು ನಾನು ಅಂದುಕೊಳ್ಳುತ್ತಿರುವಾಗ, ಜಯಣ್ಣ ಓಡುತ್ತ ನಮ್ಮ ಮನೆಗೆ ಬಂದರು. ಮೊಬೈಲಿನಲ್ಲಿ ಒಂದು ಫೋಟೋ. ಬಂಟ್ವಾಳ ಸ್ಟೇಷನ್ನಿನ ಬೋರ್ಡಿನ ಕೆಳಗೆ ಮೂವರು ಹುಡುಗರು, ಸೈಕಲಿಗೆ ಕಟ್ಟಿದ ಚೀಲಗಳು, ನಗುಮುಖ. ನಿಮ್ಮ ದಾರಿಯಲ್ಲಿ ಹೊರಟೆವು, ಧನ್ಯವಾದ, ಎಂದು ಬರೆದಿದ್ದರು. ಜಯಣ್ಣ ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ನಾನು ಮಾಡಿದೆ, ಮತ್ತೆ ಮಾಡಿದೆ. ಕೊನೆಗೊಮ್ಮೆ ಅತ್ತಲಿಂದ ದನಿ ಕೇಳಿತು. ಹುಡುಗರು ಆಗಲೇ ವಾಮದಪದವಿಗೆ ಬಂದು ಎಳನೀರು ಕುಡಿಯುತ್ತಿದ್ದರು. ಡಾಮರು ರಸ್ತೆಯಲ್ಲೇ ವೇಣೂರಿಗೆ ಹೋಗುತ್ತೇವೆ ಎಂದು ಅವರ ಬಾಯಿಂದ ಹೇಳಿಸುವವರೆಗೆ ಜಯಣ್ಣ ಬಿಡಲಿಲ್ಲ.

"ನಾನು ಅಳಿಸಿದ್ದೇನೆ ರೇವತಿ. ಅಳಿಸಿದ್ದು ನೀನೇ ನೋಡಿದ್ದಿ."

ಅವರು ಅಳಿಸಿದ್ದು ತಮ್ಮಲ್ಲಿದ್ದದ್ದನ್ನು ಮಾತ್ರ. ಇಳಿಸಿಕೊಂಡವರ ಮೊಬೈಲುಗಳಲ್ಲಿ ಗೆರೆ ಹಾಗೆಯೇ ಇತ್ತು. ಒಬ್ಬರು ಇನ್ನೊಬ್ಬರಿಗೆ ಕಳಿಸುತ್ತಿದ್ದರು, ಬೇರೆ ಯಾರೋ ತಮ್ಮ ಹೆಸರಿನಲ್ಲೇ ಹಾಕಿದ್ದರು. ಗೊತ್ತಿದ್ದವರಿಗೆಲ್ಲ ನಾವು ಬರೆದೆವು. ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಯಾರೋ ದೂರು ಕೊಟ್ಟ ಮೇಲೆ ಕೋರೆಯವರು ಒಂದು ಹಗ್ಗಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಅಡ್ಡ ಎಳೆದಿದ್ದರು. ಮುಂದಿನ ವಾರ ನೋಡಿದರೆ ಲಾರಿಗೆ ಅಡ್ಡವಾಗುತ್ತದೆಂದು ಬಿಚ್ಚಿದ್ದರು. ನಾವೇ ಕಲ್ಲು ಒಟ್ಟಿದೆವು, ಅದನ್ನೂ ದೂಡಿದರು. ಪಂಚಾಯಿತಿಗೆ ಹೋದರೆ ನೋಡುತ್ತೇವೆ ಎಂದರು.

ಹಾಗೆ ಜಯಣ್ಣ ಭಾನುವಾರಗಳಲ್ಲಿ ಪದವಿಗೆ ಹೋಗಲು ತೊಡಗಿದರು. ಅದೇ ಬೆಳಗಿನ ರೈಲು, ಸೈಕಲ್ ಇಲ್ಲ. ಬಂಟ್ವಾಳದಲ್ಲಿ ಇಳಿದು, ಬಸ್ಸು ಹಿಡಿದು, ಪದವು ಹತ್ತುವಲ್ಲಿ ದಾರಿ ಕವಲಾಗುವ ಕಡೆ ಒಂದು ಗೇರುಮರದ ಬುಡದಲ್ಲಿ ಕುಳಿತುಕೊಳ್ಳುವುದು. ಸೈಕಲಿನವರು ಬಂದರೆ ತಡೆದು ಹೇಳುವುದು. ಹೆಚ್ಚಿನ ದಿನ ಯಾರೂ ಬರುತ್ತಿರಲಿಲ್ಲ. ಗೇರುಹಣ್ಣು ಬಿದ್ದು ಕೊಳೆತ ಹುಳಿವಾಸನೆ, ದೂರದಲ್ಲಿ ಯಂತ್ರದ ಕಿರ್ರೆಂಬ ಸದ್ದು. ಭಾನುವಾರವೂ ಕೆಲಸ ಶುರುವಾಗಿತ್ತು. ಡ್ಯೂಟಿ ಇಲ್ಲದ ವಾರ ನಾನೂ ಜೊತೆಗೆ ಹೋಗುತ್ತಿದ್ದೆ. "ಎಷ್ಟು ದಿನ ಹೀಗೆ?" ಎಂದು ಅವರ ಹೆಂಡತಿ ನನ್ನ ಹತ್ತಿರ ಅತ್ತರು. ನಾನು ಅದನ್ನೇ ಜಯಣ್ಣನ ಹತ್ತಿರ ಕೇಳಿದೆ. ಅವರು ಮುಂದಿನ ಭಾನುವಾರವೂ ಹೋದರು. ಮೈ ಇಳಿದು, ಬಿಸಿಲಿಗೆ ಮುಖ ಸುಟ್ಟು, ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

ಏಪ್ರಿಲಿನ ಒಂದು ದಿನ ವೇಣೂರು ಕಡೆಯಿಂದ ಬಂದ ಬಸ್ಸು ಕೆಳಗೆ ನಿಂತಿತು. ಕೊಡೆ ಹಿಡಿದ ಹೆಂಗಸೊಬ್ಬರು ಇಳಿದು ಏರು ಹತ್ತಿ ಬಂದರು. ಹತ್ತಿರ ಬಂದ ಮೇಲೆ ನೋಡಿದರೆ ಲೀಲಕ್ಕ. ಈ ಮರದಡಿ ಮಂಗಳೂರಿನವರೊಬ್ಬರು ವಾರ ವಾರ ಬಂದು ಕೂರುತ್ತಾರೆ ಎಂಬುದು ಯಾರ ಬಾಯಿಂದಲೋ ಅವರಿಗೆ ತಲುಪಿತ್ತು. ಜಯಣ್ಣ ಗಾಬರಿಯಿಂದ ಎದ್ದು ನಿಂತರು.

"ಎಲ್ಲಿ, ತೋರಿಸಿ" ಎಂದರು ಲೀಲಕ್ಕ.

ನಾವು ಮೂವರೂ ನಡೆದೆವು. ಕೋರೆ ಆಗ ಮೊದಲಿಗಿಂತ ಅಗಲವಾಗಿತ್ತು. ಪ್ರಮೋದ ಬಿದ್ದ ಮೂಲೆಯನ್ನೇ ಕೊಯ್ದು ಕಲ್ಲು ಸಾಗಿಸಿಯಾಗಿತ್ತು. ಇಲ್ಲಿ ಎಂದು ಬೆರಳು ತೋರಿಸಲು ಗಾಳಿ ಬಿಟ್ಟು ಏನೂ ಉಳಿದಿರಲಿಲ್ಲ. ಜಯಣ್ಣ ನನ್ನ ಕಡೆ ನೋಡಿದರು. ನಾನೇ ಹೇಳಿದೆ. ಲೀಲಕ್ಕ ಅಂಚಿನಿಂದ ಸ್ವಲ್ಪ ಹಿಂದೆ ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಆಗ ಅತ್ತರು. ಕೆಳಗೆ ಕಲ್ಲು ಕೊಯ್ಯುತ್ತಿದ್ದವರು ಯಂತ್ರ ನಿಲ್ಲಿಸಿ ಮೇಲೆ ನೋಡಿದರು. ಲೀಲಕ್ಕ ಅತ್ತು ಮುಗಿಯುವವರೆಗೆ ಮತ್ತೆ ಚಾಲು ಮಾಡಲಿಲ್ಲ.

ಕಣ್ಣು ಒರೆಸಿಕೊಂಡು ಎದ್ದು ಅವರು ಕೇಳಿದ್ದು, "ಆಚೆ ಕಡೆಯ ದಾರಿ ಎಲ್ಲಿ?"

ಜಯಣ್ಣ ತೋರಿಸಿದರು. ಗುಂಡಿಯ ಆ ದಡದಲ್ಲಿ ದನದ ದಾರಿ ಸಣ್ಣಗೆ ಮುಂದುವರಿದಿತ್ತು.

"ಅಲ್ಲಿಗೆ ಹೋಗುವ" ಎಂದರು ಲೀಲಕ್ಕ.

ಮುಳ್ಳುಪೊದೆಗಳ ನಡುವೆ ಸುತ್ತು ಹಾಕಿ ಆಚೆ ಮುಟ್ಟಿದೆವು. ಸೀರೆ ಅಲ್ಲಲ್ಲಿ ಸಿಕ್ಕಿ ಹರಿಯಿತು. ದಾರಿ ಸಿಕ್ಕಿದ ಮೇಲೆ ಲೀಲಕ್ಕ ನಮ್ಮನ್ನು ಕಾಯಲಿಲ್ಲ, ಮುಂದೆ ಮುಂದೆ ನಡೆದರು. ಪದವು ಮುಗಿದು ಇಳಿಜಾರು ಶುರುವಾಗುವಲ್ಲಿ ನಿಂತು, "ಅದು ನಮ್ಮ ಕೊಣಾಜೆಕಲ್ಲಲ್ವಾ? ಇಲ್ಲಿಂದಲೂ ಕಾಣ್ತದಾ?" ಎಂದರು. ಮಗ ಕೊನೆಯ ಸಲ ಈ ಕಡೆಗೇ ಮುಖ ಮಾಡಿ ಬರುತ್ತಿದ್ದ ಎಂಬುದು ಮೂವರಿಗೂ ಗೊತ್ತಿತ್ತು. ಕೆಳಗಿನ ರಸ್ತೆಯಲ್ಲಿ ಅವರನ್ನು ಬಸ್ಸು ಹತ್ತಿಸಿದೆವು.

ಇನ್ನು ಬರಲಾರರು ಎಂದು ನಾವು ತಿಳಿದಿದ್ದೆವು. ಮರುವಾರ ಕೈಯಲ್ಲಿ ಕತ್ತಿ ಹಿಡಿದುಕೊಂಡು ಬಂದರು. ಹಿಂದಿನ ಸಲ ನಾವು ಸುತ್ತು ಬಂದ ಕಡೆಯ ಮುಳ್ಳನ್ನು ತಾವೇ ಕಡಿಯಲು ನಿಂತರು. ಜಯಣ್ಣ ಬೇಡವೆಂದರೂ ಕೇಳಲಿಲ್ಲ. ಕೊನೆಗೆ ಜಯಣ್ಣನೂ ನಾನೂ ಕೈಹಾಕಿದೆವು. ಮೇ ತಿಂಗಳು ಮುಗಿಯುವ ಹೊತ್ತಿಗೆ ಗುಂಡಿಯಿಂದ ದೂರಕ್ಕೆ ಒಂದು ಕಾಲುದಾರಿಯಾಯಿತು. ಅದರ ಗೆರೆ ಎಳೆಯಲು ಮಾತ್ರ ಜಯಣ್ಣ ಒಪ್ಪಲಿಲ್ಲ. "ಇನ್ನು ನಾನು ಯಾವ ಗೆರೆಯನ್ನೂ ಎಳೆಯುವುದಿಲ್ಲ" ಎಂದರು. ಇಂದಿಗೂ ಎಳೆದಿಲ್ಲ, ಸೈಕಲೂ ಅಟ್ಟದಿಂದ ಇಳಿದಿಲ್ಲ.

ಮರದಡಿ ಕುಳಿತಾಗ ಅವರಿಬ್ಬರ ನಡುವೆ ಮಾತು ಕಡಿಮೆ. ಲೀಲಕ್ಕ ಬುತ್ತಿ ಬಿಚ್ಚಿದರೆ ಮೂವರಿಗೂ ಆಗುವಷ್ಟು ಇರುತ್ತಿತ್ತು. ಒಮ್ಮೆ ಜಯಣ್ಣ ಉಣ್ಣುತ್ತ ಉಣ್ಣುತ್ತ ನಿಲ್ಲಿಸಿ, "ಅಕ್ಕ, ನನ್ನ ಮೇಲೆ ಸಿಟ್ಟು ಹೋಯ್ತಾ?" ಎಂದು ಕೇಳಿದರು. "ಇಲ್ಲ" ಎಂದರು ಲೀಲಕ್ಕ. "ಉಣ್ಣಿ."

ಜೂನಿನ ಮೊದಲ ಭಾನುವಾರ. ಬೆಳಿಗ್ಗೆಯಿಂದ ಮೋಡ ಕವಿದು, ಪದವಿನ ಮೇಲೆ ಗಾಳಿಯೇ ಇರಲಿಲ್ಲ. ಕೋರೆಯವರು ಮಳೆಗಾಲಕ್ಕೆಂದು ಯಂತ್ರ ಸಾಗಿಸಿ ಹೋಗಿದ್ದರು. ಇವತ್ತು ಯಾರು ಬರುತ್ತಾರೆ, ಹೋಗುವ ಎಂದು ನಾನು ಎದ್ದಿದ್ದೆ. ಆಗ ಕೆಳಗಿನ ತಿರುವಿನಲ್ಲಿ ಸೈಕಲಿನ ಸದ್ದು ಕೇಳಿತು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಹಿಂದೆ ಮುಂದೆ ಚೀಲ ಕಟ್ಟಿಕೊಂಡು, ಮಳೆಗೆ ಮೊದಲು ಪದವು ದಾಟಬೇಕೆಂದು ಜೋರಾಗಿಯೇ ಬರುತ್ತಿದ್ದ ಹಾಗಿತ್ತು. ಜಯಣ್ಣ ಏಳುವಷ್ಟರಲ್ಲಿ ಲೀಲಕ್ಕ ದಾರಿಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತಿದ್ದರು.

"ಉಂತುಲೆ! ಉಂತುಲೆ ಮಕ್ಕಳೇ, ನಿಲ್ಲಿ!"

ಹುಡುಗ ಬ್ರೇಕ್ ಹಿಡಿದ ರಭಸಕ್ಕೆ ಹಿಂದಿನ ಚಕ್ರ ಜಾರಿ, ಅವರ ಕಾಲ ಹತ್ತಿರವೇ ಬಂದು ನಿಂತಿತು. "ಏನಾಯ್ತಮ್ಮ? ಮ್ಯಾಪಲ್ಲಿ ದಾರಿ ಹೀಗೇ ಇದೆಯಲ್ಲ" ಎಂದ.

"ಮ್ಯಾಪಿನಲ್ಲಿ ಉಂಟು ಮಗಾ. ಇಲ್ಲಿ ಇಲ್ಲ. ದೊಡ್ಡ ಗುಂಡಿ ಉಂಟು. ಇಳಿರಿ, ನಾನು ತೋರಿಸ್ತೇನೆ."

ಅವರು ಇಳಿದರು. ಲೀಲಕ್ಕ ಮುಂದೆ, ಅವರಿಬ್ಬರು ಸೈಕಲ್ ತಳ್ಳಿಕೊಂಡು ಹಿಂದೆ, ಮುಳ್ಳು ಕಡಿದು ಮಾಡಿದ ಕಾಲುದಾರಿಯಲ್ಲಿ ಹೋದರು. ಜಯಣ್ಣ ಮರದಡಿಯಿಂದಲೇ ನೋಡುತ್ತಿದ್ದರು. ಆಚೆ ದಡದಲ್ಲಿ ಆ ಮಕ್ಕಳು ಸೈಕಲ್ ಹತ್ತಿ, ಕೈ ಬೀಸಿ, ಕೊಣಾಜೆಕಲ್ಲಿನ ಕಡೆಗೆ ಇಳಿದು ಮರೆಯಾದರು. ಯಾರು, ಏಕೆ ತಡೆದರು ಎಂದು ಅವರು ಕೇಳಿದ ಹಾಗೆ ಕಾಣಲಿಲ್ಲ, ಲೀಲಕ್ಕನೂ ಹೇಳಿರಲಾರರು.

ಲೀಲಕ್ಕ ವಾಪಸು ಬರುವಾಗ ಗಾಳಿ ಎದ್ದು, ಮಳೆಯ ದಪ್ಪ ಹನಿಗಳು ಬಂಡೆಯ ಮೇಲೆ ಬೀಳತೊಡಗಿದ್ದವು. ಅವರು ಕೊಡೆ ಬಿಚ್ಚಿ ನಮ್ಮ ಪಕ್ಕ ನಿಂತರು.

"ಮಳೆ ಹಿಡಿಯಿತು" ಎಂದರು ಜಯಣ್ಣ. "ಇನ್ನು ಈ ದಾರಿಯಲ್ಲಿ ಯಾರೂ ಬರುವುದಿಲ್ಲ."

"ಮಳೆ ಬಿಟ್ಟ ಮೇಲೆ?"

ಜಯಣ್ಣ, "ಬರ್ತಾರೆ" ಎಂದರು.

"ಹಾಗಾದ್ರೆ ನಾವೂ ಬರುವ" ಎಂದು ಲೀಲಕ್ಕ, ಕೊಡೆಯನ್ನು ಗಾಳಿಗೆ ಎದುರಾಗಿ ಹಿಡಿದು, ಬಸ್ಸಿನ ರಸ್ತೆಗೆ ಇಳಿದರು.